ಮನಸ್ಸಿನ ವೈದ್ಯನೆಂದರೆ ಯಾರು?

ಕಾಲು ಮುರಿದರೆ ಮೂಳೆ ಕಟ್ಟುವವರ ಮನೆ ಯಾವುದೆಂಬುದು ಊರಿಗೆಲ್ಲ ಗೊತ್ತಿರುತ್ತದೆ. ಹಲ್ಲು ನೋಯಿತೆಂದರೆ ಹಲ್ಲಿನ ವೈದ್ಯರ ಬಾಗಿಲನ್ನು ದಾರಿಹೋಕರೂ ತೋರಿಸುತ್ತಾರೆ. ಮನಸ್ಸು ನೊಂದಿತೆಂದರೆ ಎಲ್ಲಿಗೆ ಹೋಗಬೇಕು? ಆಸ್ಪತ್ರೆಗೆ ಹೋಗಲು ನಾಚಿಕೆ. ನೆಂಟರಿಗೆ ಹೇಳಲು ಹಿಂಜರಿಕೆ. ಹೀಗಿರುವಾಗ ಖಾಸಗಿಯಾಗಿ ಕೋಣೆ ಹಿಡಿದು, ಮಾತಿನಿಂದಲೇ ಮನಸ್ಸಿಗೆ ಚಿಕಿತ್ಸೆ ಮಾಡುತ್ತೇವೆನ್ನುವವರನ್ನು ಜನ ಹುಡುಕುವುದು ಸಹಜ. ಹಾಗೆ ಹುಡುಕುವಾಗ ಏಳುವ ಮೊದಲ ಪ್ರಶ್ನೆ, ಇವರು ನಿಜಕ್ಕೂ ಓದಿದವರೋ ಅಥವಾ ಅಳಲೆಕಾಯಿ ಪಂಡಿತರೋ ಎಂಬುದು.

ನಾನು ವೈದ್ಯನಲ್ಲ, ಮನಶ್ಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವನೂ ಅಲ್ಲ. ಇತಿಹಾಸದ ಪುಸ್ತಕಗಳಲ್ಲಿ ಆಸಕ್ತಿಯುಳ್ಳ ಒಬ್ಬ ಗೃಹಸ್ಥ. ಆದರೆ ಈ ಪ್ರಶ್ನೆಗೆ ಒಂದು ಸ್ವಾರಸ್ಯವಾದ ಚರಿತ್ರೆಯಿದೆಯೆಂದೂ, ಆ ಚರಿತ್ರೆ ತಿಳಿದರೆ ಇಂದಿನ ಹುಡುಕಾಟವೂ ಸ್ವಲ್ಪ ಹಗುರವಾದೀತೆಂದೂ ನನಗೆ ತೋರಿದೆ.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ವಿಯೆನ್ನಾ ನಗರದಲ್ಲಿ. ಅಲ್ಲಿ ಸಿಗ್ಮಂಡ್ ಫ್ರಾಯ್ಡರ ಶಿಷ್ಯರಲ್ಲೊಬ್ಬರು ಥಿಯೋಡೊರ್ ರೈಕ್. ಅವರು ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದರು. ವೈದ್ಯ ಪದವಿ ಮಾತ್ರ ಇರಲಿಲ್ಲ. ಆಸ್ಟ್ರಿಯಾ ದೇಶದ ಕಾನೂನಿನಂತೆ ವೈದ್ಯ ಪದವಿಯಿಲ್ಲದವರು ರೋಗಿಗೆ ಚಿಕಿತ್ಸೆ ಮಾಡುವುದು ಅಪರಾಧ. 1925ರಲ್ಲಿ ನಗರದ ಅಧಿಕಾರಿಗಳು ರೈಕರಿಗೆ ಮನೋವಿಶ್ಲೇಷಣೆ ನಡೆಸಕೂಡದೆಂದು ನಿರ್ಬಂಧ ಹಾಕಿದರು. ಮರುವರ್ಷ ಅವರಲ್ಲಿ ಚಿಕಿತ್ಸೆ ಪಡೆದಿದ್ದ ಅಮೆರಿಕದವನೊಬ್ಬ, ಇವರು ಹುಸಿವೈದ್ಯರೆಂದು ದೂರು ಕೊಟ್ಟ.

ಆಗ ಫ್ರಾಯ್ಡರು ಶಿಷ್ಯನ ಪರವಾಗಿ 1926ರಲ್ಲಿ ಒಂದು ಸಣ್ಣ ಪುಸ್ತಕವನ್ನೇ ಬರೆದರು. ವೈದ್ಯರಲ್ಲದವರು ಮನೋವಿಶ್ಲೇಷಣೆ ಮಾಡಬಹುದೇ ಎಂಬುದೇ ಅದರ ವಿಷಯ. ಯಾವ ಪಕ್ಷವನ್ನೂ ಹಿಡಿಯದ ಒಬ್ಬ ತಟಸ್ಥನೊಡನೆ ತಾವು ಸಂಭಾಷಿಸುತ್ತಿರುವಂತೆ ಅದನ್ನು ರಚಿಸಿದ್ದಾರೆ. ಅವರ ವಾದದ ತಿರುಳು ಇಷ್ಟು: ಹುಸಿವೈದ್ಯನನ್ನು ಪದವಿಯಿಂದ ಗುರುತಿಸಲಾಗದು. ತಾನು ಕೈಹಾಕಿದ ಚಿಕಿತ್ಸೆಗೆ ಬೇಕಾದ ಜ್ಞಾನವೂ ತರಬೇತಿಯೂ ಇಲ್ಲದೆ ಕೈಹಾಕುವವನೇ ಹುಸಿವೈದ್ಯ. ಆ ಲೆಕ್ಕದಲ್ಲಿ, ಮನಸ್ಸಿನ ವಿಷಯವಾಗಿ ಏನನ್ನೂ ಕಲಿಯದೆ ಮನೋವಿಶ್ಲೇಷಣೆಗೆ ಇಳಿಯುವ ವೈದ್ಯರೂ ಆ ಗುಂಪಿಗೇ ಸೇರುತ್ತಾರೆ.

ಆದರೆ ಫ್ರಾಯ್ಡರು ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟವರಲ್ಲ. ಎರಡು ಕಟ್ಟುಪಾಡುಗಳನ್ನು ಅವರು ಒಪ್ಪಿದ್ದರು. ರೋಗ ದೇಹದ್ದೋ ಮನಸ್ಸಿನದೋ ಎಂಬುದನ್ನು ಮೊದಲು ವೈದ್ಯರು ನಿರ್ಧರಿಸಬೇಕು. ಚಿಕಿತ್ಸೆ ಮಾಡುವವರು ತಾವೇ ವಿಶ್ಲೇಷಣೆಗೆ ಒಳಗಾಗಿ, ಅನುಭವಸ್ಥರ ಕಣ್ಣಿನ ಕೆಳಗೆ ವರ್ಷಗಳ ಕಾಲ ಪಳಗಿರಬೇಕು. ನೂರು ವರ್ಷಗಳಾದ ಮೇಲೂ ಈ ಎರಡು ಮಾತುಗಳು ಹಳತಾಗಿಲ್ಲ.

ರೈಕರ ಮೇಲಿನ ಮೊಕದ್ದಮೆ 1927ರಲ್ಲಿ ಬಿದ್ದುಹೋಯಿತು. ವಾದ ಮಾತ್ರ ಮುಗಿಯಲಿಲ್ಲ. ಮುಂದೆ ಹಿಟ್ಲರನ ಕಾಲದಲ್ಲಿ ರೈಕರು ಅಮೆರಿಕಕ್ಕೆ ಹೋದರು. ಅಲ್ಲಿಯ ಮನೋವಿಶ್ಲೇಷಕರ ಸಂಘ, ವೈದ್ಯರಲ್ಲವೆಂಬ ಕಾರಣಕ್ಕಾಗಿ ಅವರಿಗೆ ಪೂರ್ಣ ಸದಸ್ಯತ್ವ ಕೊಡಲಿಲ್ಲ. ಅವರು 1948ರಲ್ಲಿ ಬೇರೆ ಸಂಘವನ್ನೇ ಕಟ್ಟಿದರು. ಅಮೆರಿಕದ ಮನಶ್ಶಾಸ್ತ್ರಜ್ಞರು ಮನೋವಿಶ್ಲೇಷಕರ ಸಂಘದ ಮೇಲೆ 1985ರಲ್ಲಿ ದಾವೆ ಹೂಡಿ, ಅದು ರಾಜಿಯಲ್ಲಿ ಕೊನೆಗೊಂಡ ಮೇಲೆಯೇ ಅಲ್ಲಿಯ ಬಾಗಿಲು ಚೆನ್ನಾಗಿ ತೆರೆದದ್ದು. ರೈಕರನ್ನು ಅಪರಾಧಿಯೆಂದ ಆಸ್ಟ್ರಿಯಾ ದೇಶವೇ 1990ರಲ್ಲಿ ಮನಶ್ಚಿಕಿತ್ಸೆಗಾಗಿ ಪ್ರತ್ಯೇಕ ಕಾನೂನು ಮಾಡಿ, ಅದನ್ನು ಸ್ವತಂತ್ರ ವೃತ್ತಿಯೆಂದು ಒಪ್ಪಿಕೊಂಡಿತು. ಅಲ್ಲಿ ಅರ್ಹರ ಪಟ್ಟಿಯನ್ನು ಸರ್ಕಾರವೇ ಇಟ್ಟಿದೆ. ಯಾರು ಬೇಕಾದರೂ ನೋಡಿಕೊಳ್ಳಬಹುದು.

ಇನ್ನು ನಮ್ಮ ದೇಶದ ಕಥೆಗೆ ಬರೋಣ. ಕಲ್ಕತ್ತೆಯ ಗಿರೀಂದ್ರಶೇಖರ ಬೋಸರು ವೈದ್ಯರಾಗಿದ್ದರು. ಖಾಸಗಿಯಾಗಿ ವೃತ್ತಿ ನಡೆಸುತ್ತಿದ್ದಾಗಲೇ ಅವರ ಒಲವು ಮನಸ್ಸಿನ ಕಡೆಗೆ ಹರಿಯಿತು. ಕೈಯಲ್ಲಿದ್ದ ವೈದ್ಯ ಪದವಿ ಸಾಲದೆಂದು ಮನಶ್ಶಾಸ್ತ್ರವನ್ನು ಮತ್ತೆ ಕಲಿತು, 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಅದರಲ್ಲೇ ಡಾಕ್ಟರೇಟ್ ಪಡೆದರು. ಫ್ರಾಯ್ಡರೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದರು. 1922ರಲ್ಲಿ ಅವರು ಸ್ಥಾಪಿಸಿದ ಭಾರತೀಯ ಮನೋವಿಶ್ಲೇಷಣಾ ಸಂಘದಲ್ಲಿ ವೈದ್ಯರೂ ಇದ್ದರು, ಕಾಲೇಜಿನ ಅಧ್ಯಾಪಕರೂ ಇದ್ದರು. ವಿಯೆನ್ನಾದಲ್ಲಿ ದೂರು ಏಳುವುದಕ್ಕೆ ಮೊದಲೇ ಇಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತಿದ್ದರು. 1940ರಲ್ಲಿ ಈ ಸಂಘದವರೇ ಲುಂಬಿನಿ ಪಾರ್ಕ್ ಎಂಬ ಮಾನಸಿಕ ಆಸ್ಪತ್ರೆಯನ್ನು ತೆರೆದರು.

ನಮ್ಮ ಮೈಸೂರು ಸೀಮೆಯೂ ಹಿಂದೆ ಬಿದ್ದಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಹುಟ್ಟಿತು. ಅದನ್ನು ಬೆಳೆಸಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತುಬಂದ ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಪ್ರಾರಂಭಿಸಿ, ‘ಆಕಾಶವಾಣಿ’ಯೆಂಬ ಹೆಸರು ರೂಢಿಗೆ ಬರಲು ಕಾರಣರಾದವರೆಂದು ಅವರನ್ನು ಎಲ್ಲರೂ ಬಲ್ಲರು. ಮನಸ್ಸನ್ನು ಪ್ರಯೋಗಾಲಯದಲ್ಲಿ ಅಳೆಯಬಹುದೆಂದು ಕನ್ನಡದ ಹುಡುಗರಿಗೆ ಕಲಿಸಿದವರೂ ಅವರೇ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಆದರೆ ಪ್ರಯೋಗಾಲಯದಲ್ಲಿ ಕಲಿತದ್ದು ರೋಗಿಯ ಮುಂದೆ ಕುಳಿತಾಗ ಸಾಲದು. ಆ ಕೊರತೆಯನ್ನು ನೀಗಿಸಿದ್ದು ಬೆಂಗಳೂರು. ಭೋರ್ ಸಮಿತಿ 1946ರಲ್ಲಿ ಮಾಡಿದ ಶಿಫಾರಸಿನ ಮೇರೆಗೆ, ಇಲ್ಲಿಯ ಮಾನಸಿಕ ಆಸ್ಪತ್ರೆಯ ಜೊತೆಯಲ್ಲೇ 1954ರ ಡಿಸೆಂಬರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಡಾ|| ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1955ರಲ್ಲಿ ಅಲ್ಲಿ ಎರಡು ಡಿಪ್ಲೊಮಾಗಳು ಪ್ರಾರಂಭವಾದವು. ಒಂದು ವೈದ್ಯರಿಗೆ, ಇನ್ನೊಂದು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೆ. ಈ ಎರಡನೆಯದರಲ್ಲಿ ವಿದ್ಯಾರ್ಥಿ ಆಸ್ಪತ್ರೆಯಲ್ಲೇ ಇದ್ದು, ರೋಗಿಗಳ ನಡುವೆ, ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಯಬೇಕು. ಆಗಮಗಳನ್ನೂ ಮೂರ್ತಿಶಿಲ್ಪವನ್ನೂ ಕುರಿತು ಬರೆದು ಹೆಸರಾದ ವಿದ್ವಾಂಸ ಎಸ್. ಕೆ. ರಾಮಚಂದ್ರರಾಯರು ಆ ಸಂಸ್ಥೆಯಲ್ಲಿ ಮನಶ್ಶಾಸ್ತ್ರದ ಪಾಠ ಹೇಳಿದವರು. ಆ ಡಿಪ್ಲೊಮಾ ಮುಂದೆ ಎಂ.ಫಿಲ್. ಆಯಿತು. ಸಂಸ್ಥೆಯೂ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ, ಇಂದು ಎಲ್ಲರ ಬಾಯಲ್ಲಿರುವ ನಿಮ್ಹಾನ್ಸ್ ಆಯಿತು. ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂಬ ವೃತ್ತಿಗೆ ಈ ದೇಶದಲ್ಲಿ ತಳಹದಿ ಬಿದ್ದದ್ದು ಹೊಸೂರು ರಸ್ತೆಯ ಬದಿಯ ಈ ಆವರಣದಲ್ಲಿ ಎಂದರೆ ತಪ್ಪಾಗದು.

ಹೀಗೆ ವಿದ್ಯೆ ಬಂತು. ವಿದ್ಯೆಗೆ ಕಾವಲು ಮಾತ್ರ ಬಹಳ ಕಾಲ ಬರಲಿಲ್ಲ. ಆಸ್ಪತ್ರೆಯೊಳಗೆ ಯಾರು ಏನೆಂಬುದು ಗೊತ್ತಿರುತ್ತದೆ. ಹೊರಗೆ ಬೀದಿಯಲ್ಲಿ ಬೋರ್ಡು ಹಾಕಿದವರು ಯಾರೆಂದು ಕೇಳುವವರಿರಲಿಲ್ಲ. 1992ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಬಂದಿತು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಈ ಪರಿಷತ್ತಿನ ದಾಖಲೆಯಲ್ಲಿ ಹೆಸರು ಬರೆಸಿಕೊಳ್ಳಬೇಕು. ಬರೆಸದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಅದು ವಿಧಿಸುತ್ತದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಅವರ ಅರ್ಹತೆಯನ್ನು ಇನ್ನಷ್ಟು ಬಿಡಿಸಿ ಹೇಳಿತು. ತನ್ನ ವಿದ್ಯೆ ಒಪ್ಪದ ಔಷಧವನ್ನು ಯಾರೂ ಬರೆದುಕೊಡಕೂಡದೆಂದೂ ಅದರಲ್ಲಿದೆ.

ಆದರೆ ಬಲೆಯಲ್ಲಿ ಒಂದು ದೊಡ್ಡ ಕಿಂಡಿ ಉಳಿಯಿತು. ‘ಚಿಕಿತ್ಸಾ ಮನಶ್ಶಾಸ್ತ್ರಜ್ಞ’ ಎಂಬ ಹೆಸರಿಗೆ ಕಾವಲಿದ್ದರೂ ‘ಥೆರಪಿಸ್ಟ್’, ‘ಕೌನ್ಸೆಲರ್’ ಎಂಬ ಹೆಸರುಗಳು ಬಯಲಲ್ಲೇ ನಿಂತವು. 2021ರಲ್ಲಿ ಬಂದ ಪೂರಕ ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆ ಇತರ ಮನಶ್ಶಾಸ್ತ್ರಜ್ಞರನ್ನೂ ಸಮಾಲೋಚಕರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಕಾಯಿದೆ ಪುಸ್ತಕದಿಂದ ಬೀದಿಗೆ ಇಳಿಯುವವರೆಗೆ ಎಚ್ಚರ ನಮ್ಮದೇ.

ಈ ಎಚ್ಚರ ಎಷ್ಟು ಮುಖ್ಯವೆಂಬುದು ನನಗೆ ಮನದಟ್ಟಾದದ್ದು ನೆರೆಮನೆಯ ಹಿರಿಯರೊಬ್ಬರು ತಂದು ತೋರಿಸಿದ ಒಂದು ವಿಸಿಟಿಂಗ್ ಕಾರ್ಡಿನಿಂದ. ಅವರ ಮಗಳು ಖಿನ್ನತೆಗೆ ಮನೋವೈದ್ಯರಲ್ಲಿ ಔಷಧಿ ತೆಗೆದುಕೊಳ್ಳುತ್ತಿದ್ದವಳು. ಯಾರೋ ಹೇಳಿದರೆಂದು ಒಂದು ಕಡೆ ಹತ್ತು ಭೇಟಿಗಳ ಹಣವನ್ನು ಮುಂಗಡವಾಗಿ ಕಟ್ಟಿದ್ದರು. ಎರಡನೆಯ ಭೇಟಿಯಲ್ಲೇ, ಮಾತ್ರೆಗಳೆಲ್ಲ ವಿಷ, ನಿಲ್ಲಿಸಿಬಿಡು ಎಂದು ಅಲ್ಲಿ ಹೇಳಿದರಂತೆ. ಹುಡುಗಿ ನಿಲ್ಲಿಸಿದಳು, ಹದಿನೈದು ದಿನಗಳಲ್ಲಿ ನಿದ್ದೆಯೂ ಊಟವೂ ನಿಂತವು. ‘ನೀವು ಓದಿಕೊಂಡವರು, ಇವರ ಹೆಸರಿನ ಮುಂದಿನ ಅಕ್ಷರಗಳು ಏನೆಂದು ನೋಡಿ ಹೇಳಿ ಸ್ವಾಮಿ’ ಎಂದು ಆ ತಂದೆ ಕಾರ್ಡನ್ನು ನನ್ನ ಕೈಗಿತ್ತರು. ಅಕ್ಷರಗಳು ಉದ್ದವಾಗಿದ್ದವು. ವಿಚಾರಿಸಿದಾಗ, ಅವೆಲ್ಲ ಕೆಲವು ವಾರಗಳ ಅಂಚೆ ಶಿಕ್ಷಣದ ಪ್ರಮಾಣಪತ್ರಗಳು. ಪರಿಷತ್ತಿನ ದಾಖಲೆಯಲ್ಲಿ ಆ ಹೆಸರಿರಲಿಲ್ಲ. ಹುಡುಗಿ ಮೊದಲಿನ ಮನೋವೈದ್ಯರ ಬಳಿಗೇ ಮರಳಿದಳು. ಅವರೇ ನೋಂದಾಯಿತ ಮನಶ್ಶಾಸ್ತ್ರಜ್ಞೆಯೊಬ್ಬರ ಕಡೆಗೆ ಕಳಿಸಿಕೊಟ್ಟರು. ಇಂದಿಗೂ ಇಬ್ಬರನ್ನೂ ಕಂಡುಬರುತ್ತಾಳೆ.

ಹಾಗಾದರೆ ಹುಡುಕುವವರು ಏನನ್ನು ಕೇಳಬೇಕು? ಮೇಲಿನ ಚರಿತ್ರೆಯೇ ಉತ್ತರ ಹೇಳುತ್ತದೆ. ದೇಹದ ಕಾಯಿಲೆಯೂ ಮನಸ್ಸಿನ ವೇಷ ಹಾಕಿಕೊಂಡು ಬರಬಹುದು. ಥೈರಾಯ್ಡ್ ಗ್ರಂಥಿ ಕುಂದಿದರೂ ಮನುಷ್ಯ ಮಂಕಾಗುತ್ತಾನೆ. ಆದುದರಿಂದ ಮೊದಲು ವೈದ್ಯರೊಬ್ಬರು ನೋಡಬೇಕು. ಮನೋವೈದ್ಯರು ಎಂ.ಬಿ.ಬಿ.ಎಸ್. ಆದ ಮೇಲೆ ಮನೋವೈದ್ಯದಲ್ಲಿ ವಿಶೇಷ ಪದವಿ ಪಡೆದವರು. ವೈದ್ಯಕೀಯ ಪರಿಷತ್ತಿನಲ್ಲಿ ಅವರ ಹೆಸರಿರುತ್ತದೆ. ಔಷಧಿ ಬರೆಯುವವರು ಅವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಸಂಖ್ಯೆ ಎಷ್ಟೆಂದು ಕೇಳುವುದು ಅವಮಾನವೇನಲ್ಲ. ಅಕ್ಕಿ ಕೊಳ್ಳುವಾಗ ಹಿಡಿ ತೆಗೆದು ನೋಡುವವರು ಇಲ್ಲಿ ಸಂಕೋಚಪಡುವುದೇಕೆ? ಎಲ್ಲಿ ಕಲಿತಿರಿ, ಯಾರ ಮೇಲ್ವಿಚಾರಣೆಯಲ್ಲಿ ಪಳಗಿದಿರಿ, ನಮ್ಮ ಮಾತು ಗುಟ್ಟಾಗಿರುತ್ತದೆಯೇ, ಶುಲ್ಕವೆಷ್ಟು ಎಂದು ಕೇಳಿದರೆ ಓದಿದವರು ಶಾಂತವಾಗಿಯೇ ಹೇಳುತ್ತಾರೆ. ಇಷ್ಟೇ ಭೇಟಿಯಲ್ಲಿ ಖಂಡಿತ ಗುಣವೆಂದು ಮಾತು ಕೊಡುವವರಿಂದ ದೂರವಿರುವುದು ಲೇಸು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಮಾನಸಿಕ ತೊಂದರೆಯಿತ್ತು. ಅವರಲ್ಲಿ ಚಿಕಿತ್ಸೆ ದೊರೆಯದವರು, ಕಾಯಿಲೆಗೆ ತಕ್ಕಂತೆ, ನೂರಕ್ಕೆ 70ರಿಂದ 92ರಷ್ಟು. ಇಷ್ಟು ಜನಕ್ಕೆ ನೋಂದಾಯಿತರು ಎಲ್ಲಿ ಸಾಲುತ್ತಾರೆ? ಆದ್ದರಿಂದಲೇ ನಿಮ್ಹಾನ್ಸಿನಲ್ಲಿದ್ದ ಡಾ|| ಸಿ. ಆರ್. ಚಂದ್ರಶೇಖರ್ ಅವರಂಥವರು ಸರಳ ಕನ್ನಡದಲ್ಲಿ ಪುಸ್ತಕಗಳನ್ನು ಬರೆದರು. ಸಾಮಾನ್ಯ ಜನರಿಗೂ ತರಬೇತಿ ಕೊಟ್ಟು ಸಮಾಲೋಚಕರನ್ನಾಗಿ ಮಾಡಿದರು. ಅವರಿಗೂ ಮೊದಲೇ ‘ಕೊರವಂಜಿ’ಯ ಡಾ|| ಎಂ. ಶಿವರಾಂ ಮನಸ್ಸಿನ ವಿಷಯವನ್ನು ಕನ್ನಡಿಗರ ಮನೆಬಾಗಿಲಿಗೆ ತಂದಿದ್ದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತರಬೇತಿ ಪಡೆದು, ತನ್ನ ಎಲ್ಲೆಯನ್ನು ಅರಿತು, ಮೀರಿದ್ದನ್ನು ಬಲ್ಲವರಿಗೆ ಒಪ್ಪಿಸುವ ಸಾಮಾನ್ಯನೂ ಬಹಳ ಉಪಕಾರಿ. ಎಲ್ಲೆಯರಿಯದವನು ಎಷ್ಟು ಅಕ್ಷರ ಹೊತ್ತರೂ ಅಪಾಯಕಾರಿ.

ವಿಯೆನ್ನಾದ ವಾದದಿಂದ ನಮ್ಮ ಕಾಲದ ಕಾಯಿದೆಯವರೆಗೆ ಸಾಗಿಬಂದಿರುವುದು ಈ ವಿವೇಕವೇ. ನೊಂದವರು ತಮ್ಮ ಅಂತರಂಗವನ್ನೇ ಮತ್ತೊಬ್ಬರ ಕೈಯಲ್ಲಿಡುತ್ತಾರೆ. ಆ ಕೈ ಯಾರದೆಂದು ಮೊದಲೇ ಕೇಳಿ ತಿಳಿಯುವುದು ಅವರ ಹಕ್ಕು; ಕೇಳುವಷ್ಟು ತ್ರಾಣ ಅವರಲ್ಲಿ ಇಲ್ಲದಾಗ, ಅವರ ಪರವಾಗಿ ಕೇಳುವುದು ಮನೆಯವರ ಕರ್ತವ್ಯ.