ಹಾಥಾರ್ನ್ ಕಾರ್ಖಾನೆಯ ಹಗ್ಗ, ಹಾವು

ಹಗ್ಗ ಹಾವಾಗಿ ಕಾಣಲು ಕತ್ತಲೆಯೊಂದೇ ಸಾಲದು. ನೋಡುವವನಲ್ಲಿ ಅಂಜಿಕೆಯೂ ಇರಬೇಕು. ಅಮೆರಿಕದ ಕಾರ್ಖಾನೆಯೊಂದರ ದೀಪದ ಬೆಳಕಿನಲ್ಲಿ ಇಂಥ ಪ್ರಸಂಗವೊಂದು ನಡೆದುಹೋಗಿದೆ.

ಷಿಕಾಗೋ ನಗರದ ಪಕ್ಕದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ಟೆಲಿಫೋನಿನ ಸಲಕರಣೆಗಳು ತಯಾರಾಗುತ್ತಿದ್ದುವು. ಬೆಳಕು ಹೆಚ್ಚಿದರೆ ಕೆಲಸವೂ ಹೆಚ್ಚೀತೇ ಎಂದು ನೋಡಲು ಅಲ್ಲಿ 1924ರಲ್ಲಿ ಪರೀಕ್ಷೆಗಳು ಮೊದಲಾದುವು. ಬೆಳಕು ಹೆಚ್ಚಿತು, ಕೆಲಸವೂ ಹೆಚ್ಚಿತು. ತಗ್ಗಿಸಿದರೆ ಕೆಲಸ ಅದಕ್ಕೆ ತಕ್ಕಂತೆ ತಗ್ಗಲಿಲ್ಲ. ಪರೀಕ್ಷಕರು ತಬ್ಬಿಬ್ಬಾದರು.

1927ರಲ್ಲಿ, ರಿಲೇ ಎಂಬ ಸಣ್ಣ ಸಾಧನವನ್ನು ಜೋಡಿಸುವ ಐವರು ಹೆಣ್ಣುಮಕ್ಕಳನ್ನೂ ಅವರಿಗೆ ಬಿಡಿಭಾಗ ಒದಗಿಸುವ ಇನ್ನೊಬ್ಬಳನ್ನೂ ಬೇರೊಂದು ಕೊಠಡಿಯಲ್ಲಿ ಕೂರಿಸಿದರು. ನಡುನಡುವೆ ವಿರಾಮ ಕೊಟ್ಟರು, ತಿಂಡಿ ಕೊಟ್ಟರು, ಸಂಜೆ ಬೇಗ ಮನೆಗೆ ಕಳಿಸಿದರು. ಕೆಲಸ ಏರುತ್ತ ಹೋಯಿತು. ಈ ಸೌಕರ್ಯಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಾಗಲೂ ವಾರದ ಒಟ್ಟು ಉತ್ಪನ್ನ ಇಳಿಯಲಿಲ್ಲ. ತಮ್ಮನ್ನು ಆದರದಿಂದ ಗಮನಿಸುವವರಿದ್ದಾರೆಂಬ ಭಾವನೆಯೇ ಇದಕ್ಕೆ ಕಾರಣವೆಂದು ಹಾರ್ವರ್ಡಿನ ಎಲ್ಟನ್ ಮೇಯೋ ಮೊದಲಾದವರು ಬಗೆದರು. ಸೊಗಸಾದ ಕಥೆ, ಲೋಕವೂ ನಂಬಿತು. ಆದರೆ 1928ರ ಜನವರಿಯಲ್ಲಿ, ಮಾತು ಹೆಚ್ಚು, ಕೆಲಸ ಸಾಲದೆಂದು ಐವರಲ್ಲಿ ಇಬ್ಬರನ್ನು ತೆಗೆದು ಚುರುಕಾದ ಬೇರೆ ಇಬ್ಬರನ್ನು ತಂದಿದ್ದರು. ಕೂಲಿಯನ್ನೂ ಈ ಪುಟ್ಟ ಗುಂಪಿನದೇ ದುಡಿಮೆಗೆ ಕಟ್ಟಿದ್ದರು. ಆದರದ ಜೊತೆಗೆ ದುಡ್ಡೂ ಇತ್ತು, ಭಯವೂ ಇತ್ತು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಕೊಠಡಿ. 1931ರ ನವೆಂಬರಿನಿಂದ 1932ರ ಮೇ ತಿಂಗಳವರೆಗೆ ಅಲ್ಲಿ 14 ಮಂದಿ ಗಂಡಸರು ಟೆಲಿಫೋನ್ ಎಕ್ಸ್‌ಚೇಂಜಿನ ಸಲಕರಣೆಗಳಿಗೆ ತಂತಿ ಜೋಡಿಸಿ ಬೆಸುಗೆ ಹಾಕುವ, ತನಿಖೆ ಮಾಡುವ ಕೆಲಸದಲ್ಲಿದ್ದರು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ. ಆದರೂ ತಂತಿ ಜೋಡಿಸುವವನಿಗೆ ದಿನಕ್ಕೆ ಎರಡು ಸಾಕೆಂದು ತಮ್ಮೊಳಗೇ ಕಟ್ಟುಮಾಡಿಕೊಂಡಿದ್ದರು. ಮೀರಿದವನ ತೋಳಿಗೆ ಗೆಳೆಯರಿಂದಲೇ ಒಂದು ಗುದ್ದು! ಹೆಚ್ಚು ಮಾಡಿದರೆ ಕೂಲಿಯ ದರ ಇಳಿಸಿಯಾರು, ಯಾರನ್ನಾದರೂ ಕೆಲಸದಿಂದ ತೆಗೆದಾರು ಎಂಬ ಅಂಜಿಕೆ.

1939ರಲ್ಲಿ ಈ ಪರೀಕ್ಷೆಗಳ ಬಗ್ಗೆ ದೊಡ್ಡ ಗ್ರಂಥ ಬರೆದ ರೋಥ್ಲಿಸ್‌ಬರ್ಗರ್ ಮತ್ತು ಡಿಕ್ಸನ್, ಈ ಅಂಜಿಕೆಗೆ ಆ ಕೆಲಸಗಾರರ ಸ್ವಂತ ಅನುಭವದಲ್ಲಿ ಆಧಾರವಿಲ್ಲವೆಂದರು. ಹಗ್ಗವನ್ನು ಹಾವೆಂದುಕೊಂಡರು ಎಂದಂತಾಯಿತು. ಆದರೆ 1929ರ ಆರ್ಥಿಕ ಕುಸಿತದ ತರುವಾಯ ಅದೇ ಕಾರ್ಖಾನೆಯಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಹಾವು ಹೊಸ್ತಿಲಾಚೆಯೇ ಇತ್ತಲ್ಲ!

ಇನ್ನು ದೀಪದ ಪರೀಕ್ಷೆ. ಅದರ ಮೂಲ ಅಂಕಿಗಳು ನಾಶವಾದುವೆಂದೇ ಬಹುಕಾಲ ತಿಳಿದಿದ್ದರು. ಲೆವಿಟ್ ಮತ್ತು ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಅವನ್ನು ಹುಡುಕಿ ತೆಗೆದು ಪರಿಶೀಲಿಸಿ, 2011ರಲ್ಲಿ ತಮ್ಮ ಲೇಖನ ಪ್ರಕಟಿಸಿದರು. ದೀಪಗಳನ್ನು ಬದಲಿಸುತ್ತಿದ್ದುದು ಭಾನುವಾರ. ಸೋಮವಾರದ ಕೆಲಸ ಶನಿವಾರದ್ದಕ್ಕಿಂತ ಹೆಚ್ಚಾಗಿರುತ್ತಿತ್ತು. ದೀಪ ಬದಲಿಸದ ವಾರಗಳಲ್ಲಿಯೂ ಹಾಗೆಯೇ.