‘ಸೆಲ್ಫ್ ತಗೋತಿಲ್ಲ’: ಕಾರಿನ ಬ್ಯಾಟರಿ ನಡೆದುಬಂದ ದಾರಿ

ಬೆಂಗಳೂರಿರಲಿ, ಹುಬ್ಬಳ್ಳಿಯಿರಲಿ, ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ: ‘ಗಾಡಿ ಸೆಲ್ಫ್ ತಗೋತಿಲ್ಲ ಸಾರ್.’ ಕೀಲಿ ತಿರುಗಿಸಿದರೂ ಎಂಜಿನ್ ಏಳುತ್ತಿಲ್ಲ ಅಂತ ಅರ್ಥ. ನೀವು ಹೊರದೇಶದಲ್ಲೇ ಹುಟ್ಟಿ ಬೆಳೆದವರಾದರೆ ಈ ಮಾತನ್ನು ಅಪ್ಪನ ಬಾಯಲ್ಲೋ ಮಾವನ ಬಾಯಲ್ಲೋ ಕೇಳಿ, ‘ಸೆಲ್ಫ್ ಅಂದ್ರೆ ತಾನು ಅಂತ ಅಲ್ವಾ? ಗಾಡಿ ಅದನ್ನ ತಗೊಳ್ಳೋದು ಅಂದ್ರೇನು?’ ಅಂದುಕೊಂಡಿರಬಹುದು.

ಪ್ರಶ್ನೆ ಸರಿಯಾಗಿದೆ. ಅಮೆರಿಕದಲ್ಲಿ ಈಗ ಇದನ್ನು ಬರೀ ‘ಸ್ಟಾರ್ಟರ್’ ಅಂತಾರೆ. ಆದರೆ ನೂರು ವರ್ಷದ ಹಿಂದೆ ಅಲ್ಲೂ ಇದರ ಪೂರ್ತಿ ಹೆಸರು ‘ಸೆಲ್ಫ್ ಸ್ಟಾರ್ಟರ್’, ಅಂದರೆ ತಾನೇ ಹೊರಡಿಸುವ ಯಂತ್ರ. ಅಲ್ಲಿ ಹೆಸರಿನ ಮೊದಲರ್ಧ ಉದುರಿಹೋಯಿತು, ನಮ್ಮಲ್ಲಿ ಎರಡನೇ ಅರ್ಧ ಉದುರಿತು. ಹಾಗಾಗಿ ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಇವತ್ತಿಗೂ ಆ ಹಳೆಯ ಬೆರಗು ಉಳಿದುಕೊಂಡಿದೆ: ಕಾರು ತಾನೇ ಹೊರಡುತ್ತೆ!

ಹಾಗಾದರೆ ಅದಕ್ಕೂ ಮುಂಚೆ ಕಾರನ್ನು ಯಾರು ಹೊರಡಿಸುತ್ತಿದ್ದರು? ಒಬ್ಬ ಮನುಷ್ಯನ ತೋಳು. ಬಾನೆಟ್ಟಿನ ಕೆಳಗಿರುವ ಬ್ಯಾಟರಿ ಬಂದದ್ದು ಆ ತೋಳಿನ ಜಾಗಕ್ಕೆ. ಇದೊಂದು ನೆನಪಿಟ್ಟುಕೊಂಡರೆ ಬ್ಯಾಟರಿಯನ್ನು ಹೇಗೆ ಪರೀಕ್ಷಿಸಬೇಕು, ಹೇಗೆ ನೋಡಿಕೊಳ್ಳಬೇಕು, ಯಾವಾಗ ಬದಲಾಯಿಸಬೇಕು ಅನ್ನೋದೆಲ್ಲ ತಾನಾಗಿಯೇ ಅರ್ಥವಾಗುತ್ತೆ.

ತೋಳಿನ ಕಾಲ

ಪೆಟ್ರೋಲ್ ಎಂಜಿನ್ನಿಗೆ ಒಂದು ದೊಡ್ಡ ಕೊರತೆ ಇದೆ. ನಿಂತ ಜಾಗದಿಂದ ಅದು ಏಳಲಾರದು. ಗಾಳಿ ಮತ್ತು ಪೆಟ್ರೋಲನ್ನು ಒಳಗೆಳೆದು, ಒತ್ತಿ, ಕಿಡಿ ಹತ್ತಿಸಿದ ಮೇಲಷ್ಟೇ ಅದಕ್ಕೆ ಜೀವ. ಆ ಮೊದಲ ಒಂದೆರಡು ಸುತ್ತನ್ನು ಹೊರಗಿನವರು ಯಾರಾದರೂ ತಿರುಗಿಸಿ ಕೊಡಬೇಕು.

ಮೊದಮೊದಲು ಕಾರಿನ ಮುಂದೆ ನಿಂತು, ಬಗ್ಗಿ, ಕಬ್ಬಿಣದ ಹ್ಯಾಂಡಲನ್ನು ತೂತಿಗೆ ಸಿಕ್ಕಿಸಿ ತಿರುಗಿಸುತ್ತಿದ್ದರು. ಬರೀ ಶಕ್ತಿ ಇದ್ದರೆ ಸಾಲದು, ನಾಜೂಕೂ ಬೇಕಿತ್ತು. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟೀರಿಂಗಿನ ಎಡಕ್ಕೊಂದು ಸಣ್ಣ ಸನ್ನೆ ಇರುತ್ತಿತ್ತು. ಕಿಡಿ ಯಾವಾಗ ಹತ್ತಬೇಕು ಅನ್ನೋದನ್ನು ಅದು ನಿರ್ಧರಿಸುತ್ತಿತ್ತು. ಅದನ್ನು ಸರಿಯಾಗಿ ಇಡದೆ ಹ್ಯಾಂಡಲ್ ಹೊಡೆದರೆ ಕಿಡಿ ಬೇಗ ಹತ್ತಿ, ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು. ಹ್ಯಾಂಡಲ್ ಹಿಡಿದ ಮಣಿಕಟ್ಟು ಮುರಿಯುತ್ತಿತ್ತು. ಹ್ಯಾಂಡಲಿಗೆ ಹೆಬ್ಬೆರಳು ಸುತ್ತಬೇಡಿ, ಐದೂ ಬೆರಳು ಒಂದೇ ಕಡೆ ಇರಲಿ ಅಂತ ಕಲಿಸುತ್ತಿದ್ದದ್ದು ಇದಕ್ಕೇ. ಮಣಿಕಟ್ಟಿನ ಒಂದು ಬಗೆಯ ಮೂಳೆಮುರಿತಕ್ಕೆ ವೈದ್ಯರು ಇಂದಿಗೂ ‘ಶೋಫರ್ಸ್ ಫ್ರಾಕ್ಚರ್’, ಅಂದರೆ ಡ್ರೈವರನ ಮುರಿತ, ಎಂದೇ ಕರೆಯುತ್ತಾರೆ.

ಆಗಿನ ಜನ ಪೆಟ್ರೋಲ್ ಕಾರಿಗೆ ಮುಗಿಬೀಳದೇ ಇದ್ದದ್ದಕ್ಕೆ ಇದೂ ಒಂದು ಕಾರಣ. 1900ರ ಅಮೆರಿಕದ ಲೆಕ್ಕ ನೋಡಿ. ಆ ವರ್ಷ ಅಲ್ಲಿ ತಯಾರಾದ 4,192 ಕಾರುಗಳಲ್ಲಿ 1,681 ಉಗಿಯವು, 1,575 ಎಲೆಕ್ಟ್ರಿಕ್. ಪೆಟ್ರೋಲಿನವು ಬರೀ 936! ಎಲೆಕ್ಟ್ರಿಕ್ ಕಾರಿಗೆ ಹ್ಯಾಂಡಲ್ ಬೇಡ, ಹೊಗೆಯಿಲ್ಲ, ಸದ್ದಿಲ್ಲ. ಪೆಟ್ರೋಲ್ ಕಾರನ್ನು ಲಕ್ಷಗಟ್ಟಲೆ ಮಾರಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಸ್ವತಃ ಓಡಿಸುತ್ತಿದ್ದದ್ದು ಡೆಟ್ರಾಯ್ಟ್ ಎಲೆಕ್ಟ್ರಿಕ್ ಕಂಪನಿಯ ಬ್ಯಾಟರಿ ಕಾರನ್ನು.

ಸೀಸ ಮತ್ತು ಆಮ್ಲ

ಅಂದರೆ ಬ್ಯಾಟರಿ ಆಗಲೇ ಇತ್ತು. ಅದರ ಹುಟ್ಟು 1859ರಲ್ಲಿ, ಫ್ರಾನ್ಸಿನಲ್ಲಿ. ಗಾಸ್ಟನ್ ಪ್ಲಾಂಟೆ ಎಂಬ ಭೌತವಿಜ್ಞಾನಿ ಎರಡು ಸೀಸದ ಹಾಳೆಗಳನ್ನು, ನಡುವೆ ಒಂದಕ್ಕೊಂದು ತಾಗದಂತೆ ಪಟ್ಟಿ ಇಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಇಳಿಸಿದ. ವಿದ್ಯುತ್ ಹರಿಸಿದರೆ ಅದು ತುಂಬಿಕೊಳ್ಳುತ್ತಿತ್ತು, ಬೇಕಾದಾಗ ವಾಪಸ್ ಕೊಡುತ್ತಿತ್ತು. ಖಾಲಿಯಾದ ಮೇಲೆ ಮತ್ತೆ ತುಂಬಬಹುದಾದ ಮೊದಲ ಬ್ಯಾಟರಿ ಅದು. 1881ರ ಹೊತ್ತಿಗೆ ಕಮಿಲ್ ಫೋರ್ ಎಂಬ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಸೀಸದ ತಗಡಿಗೆ ಸೀಸದ ಆಕ್ಸೈಡಿನ ಲೇಪ ಮೆತ್ತಿ, ಅದೇ ತೂಕದಲ್ಲಿ ಹೆಚ್ಚು ವಿದ್ಯುತ್ ಹಿಡಿಯುವ ಹಾಗೆ ಮಾಡಿದ.

ನಿಮ್ಮ ಕಾರಿನ ಬ್ಯಾಟರಿಯೊಳಗೆ ನಡೆಯೋದು ಇಂದಿಗೂ ಅದೇ. ಒಂದು ಕಡೆ ಸೀಸ, ಇನ್ನೊಂದು ಕಡೆ ಸೀಸದ ಡೈಆಕ್ಸೈಡ್, ನಡುವೆ ಆಮ್ಲ. ವಿದ್ಯುತ್ ಕೊಡುತ್ತಾ ಹೋದಂತೆ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ, ಆಮ್ಲ ತೆಳುವಾಗಿ ನೀರಿನ ಕಡೆಗೆ ತಿರುಗುತ್ತೆ. ಚಾರ್ಜ್ ಮಾಡಿದರೆ ಎಲ್ಲ ಹಿಂದಿನ ಸ್ಥಿತಿಗೆ. ಇಂಥ ಒಂದು ಕೋಣೆ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚು ಕೊಡುತ್ತೆ. ಆರು ಕೋಣೆ ಸೇರಿದರೆ ನಾವು ‘12 ವೋಲ್ಟ್’ ಅನ್ನುವ ಬ್ಯಾಟರಿ.

ಗಲ್ಲಾಪೆಟ್ಟಿಗೆ ಕೊಟ್ಟ ಉಪಾಯ

ಬ್ಯಾಟರಿಯೂ ಇತ್ತು, ಮೋಟಾರೂ ಇತ್ತು, ಮತ್ತೆ ಹ್ಯಾಂಡಲ್ ಯಾಕೆ? ಎಂಜಿನ್ ತಿರುಗಿಸಬಲ್ಲ ಮೋಟಾರು ಎಂಜಿನ್ನಿನಷ್ಟೇ ದೊಡ್ಡದಾಗಬೇಕು, ಅದನ್ನು ಕಾರಿನಲ್ಲಿ ಇಡಲಾಗದು ಅಂತ ತಜ್ಞರು ನಂಬಿದ್ದರು.

ಒಹಾಯೋದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್ ಇದನ್ನು ನಂಬಲಿಲ್ಲ. ಅವನು ಮೊದಲು ಕೆಲಸಕ್ಕಿದ್ದದ್ದು ಅಂಗಡಿಯ ಗಲ್ಲಾಪೆಟ್ಟಿಗೆ, ಅಂದರೆ ಕ್ಯಾಶ್ ರಿಜಿಸ್ಟರ್, ಮಾಡುವ ಕಂಪನಿಯಲ್ಲಿ. ಅಲ್ಲಿ ಪೆಟ್ಟಿಗೆಗೆ ಒಂದು ಪುಟ್ಟ ಮೋಟಾರು ಜೋಡಿಸಿದ್ದ. ಆ ಮೋಟಾರು ದಿನವಿಡೀ ಓಡಬೇಕಿರಲಿಲ್ಲ. ಗಿರಾಕಿ ಬಂದಾಗ ಒಂದು ಕ್ಷಣ ಜೋರಾಗಿ ತಿರುಗಿ ಸುಮ್ಮನಾದರೆ ಸಾಕು. ಕ್ಷಣಕಾಲಕ್ಕಾದರೆ ಸಣ್ಣ ಮೋಟಾರಿನಿಂದಲೂ ಅದರ ಅಳತೆಗೆ ಮೀರಿದ ಕೆಲಸ ತೆಗೆಯಬಹುದು, ಬಿಸಿಯೇರಿ ಸುಡುವ ಮೊದಲೇ ಅದರ ಕೆಲಸ ಮುಗಿದಿರುತ್ತೆ. ಕಾರಿಗೂ ಬೇಕಿದ್ದದ್ದು ಇಷ್ಟೇ ತಾನೆ?

1911ರ ಫೆಬ್ರವರಿಯಲ್ಲಿ ಕೆಟರಿಂಗ್ ಮತ್ತು ಅವನ ಡೆಲ್ಕೋ ಕಂಪನಿಯವರು ಒಂದು ಕ್ಯಾಡಿಲ್ಯಾಕ್ ಕಾರಿನಲ್ಲಿ ಇದನ್ನು ಮಾಡಿ ತೋರಿಸಿದರು. 1912ರ ಕ್ಯಾಡಿಲ್ಯಾಕ್ ಕಾರುಗಳು ಸೆಲ್ಫ್ ಜೊತೆಗೇ ಮಾರಾಟಕ್ಕೆ ಬಂದವು. ಎಂಜಿನ್ ಹೊರಟ ಮೇಲೆ ಅದೇ ಯಂತ್ರ ಡೈನಮೋ ಆಗಿ, ಖರ್ಚಾದ ವಿದ್ಯುತ್ತನ್ನು ಬ್ಯಾಟರಿಗೆ ತುಂಬುತ್ತಿತ್ತು. ಸಾಲ ತಗೊಂಡು ತಕ್ಷಣ ತೀರಿಸೋ ವ್ಯವಹಾರ. 1919ರ ಹೊತ್ತಿಗೆ ಮಾಡೆಲ್ ಟಿ ಕಾರಿಗೂ ಸೆಲ್ಫ್ ಬಂತು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಎಲೆಕ್ಟ್ರಿಕ್ ಕಾರನ್ನು ಓಡಿಸುತ್ತಿದ್ದ ಸೀಸದ ಬ್ಯಾಟರಿಯೇ ಪೆಟ್ರೋಲ್ ಕಾರಿನ ದೊಡ್ಡ ಕುಂದನ್ನು ನೀಗಿಸಿತು. ಪೆಟ್ರೋಲ್ ಕಾರು ಆಗಲೇ ದೂರ ಹೋಗುತ್ತಿತ್ತು, ಅಗ್ಗವೂ ಆಗುತ್ತಿತ್ತು. ಈಗ ಹ್ಯಾಂಡಲಿನ ಭಯವೂ ಹೋಯಿತು. ಹೆಂಗಸರು, ವಯಸ್ಸಾದವರು, ಯಾರು ಬೇಕಾದರೂ ಒಬ್ಬರೇ ಕಾರು ತೆಗೆಯಬಹುದಾಯಿತು. ಎಲೆಕ್ಟ್ರಿಕ್ ಕಾರು ಬೀದಿಯಿಂದ ಮರೆಯಾಯಿತು.

ನಮ್ಮ ಕಡೆ

ಭಾರತಕ್ಕೆ ಬ್ಯಾಟರಿ ಮೊದಲು ಬಂದದ್ದು ಹಡಗಿನಲ್ಲಿ. ಬ್ರಿಟನ್ನಿನ ಕ್ಲೋರೈಡ್ ಕಂಪನಿ 1916ರಿಂದ ಇಲ್ಲಿ ಮಾರಾಟ ನಡೆಸುತ್ತಿತ್ತು. 1946ರಲ್ಲಿ ಕಲ್ಕತ್ತದ ಹತ್ತಿರದ ಶ್ಯಾಮನಗರದಲ್ಲಿ ಅದರ ಕಾರ್ಖಾನೆ ಶುರುವಾಯಿತು. ಇವತ್ತಿನ ಎಕ್ಸೈಡ್ ಇಂಡಸ್ಟ್ರೀಸ್ ಅದರ ಮುಂದುವರಿಕೆ. ಅಮೆರಾನ್ ಬ್ರಾಂಡಿನ ಅಮರ ರಾಜಾ ಕಂಪನಿ 1985ರಲ್ಲಿ ನೆರೆಯ ಆಂಧ್ರದಲ್ಲಿ ಹುಟ್ಟಿತು.

ಆದರೂ ಹ್ಯಾಂಡಲ್ ನಮ್ಮಲ್ಲಿ ಬೇಗ ಹೋಗಲಿಲ್ಲ. ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳ ಮುಂಭಾಗದಲ್ಲಿ ಹ್ಯಾಂಡಲ್ ಹಾಕಲು ತೂತು ಇರುತ್ತಿತ್ತು. ಬ್ಯಾಟರಿ ವೀಕ್ ಆದರೆ ಹ್ಯಾಂಡಲ್ ಹೊಡಿ, ಅದೂ ಆಗದಿದ್ದರೆ ನಾಲ್ಕು ಜನ ಸೇರಿ ತಳ್ಳಿ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಇಂಥ ಒಂದು ಕಥೆಯಾದರೂ ಸಿಗುತ್ತೆ.

ಬ್ಯಾಟರಿ ಕಾರನ್ನೇ ಓಡಿಸುವ ಹಳೆಯ ಕನಸಿಗೆ ಬೆಂಗಳೂರಿನಲ್ಲಿ ಮತ್ತೆ ಜೀವ ಬಂತು. 2001ರಲ್ಲಿ ಅಲ್ಲಿ ರಸ್ತೆಗಿಳಿದ ‘ರೇವಾ’ ಕಾರು ಓಡಿದ್ದು ಇದೇ ಸೀಸದ ಬ್ಯಾಟರಿಯಿಂದ. ಲಂಡನ್ನಿನಲ್ಲಿ ಇರುವವರು ಅದನ್ನು ‘ಜಿ-ವಿಜ್’ ಎಂಬ ಹೆಸರಿನಲ್ಲಿ ನೋಡಿರುತ್ತೀರಿ.

ಮೂರು ಸೆಕೆಂಡಿನ ಕೆಲಸಗಾರ

ಈಗ ನಿಮ್ಮ ಕಾರಿಗೆ ಬರೋಣ. ಹ್ಯಾಲೊಜೆನ್ ಹೆಡ್‌ಲೈಟಿನ ಒಂದು ಬಲ್ಬು ನಾಲ್ಕೈದು ಆಂಪಿಯರ್ ಎಳೆಯುತ್ತೆ. ಸೆಲ್ಫ್ ಮೋಟಾರು ಎಳೆಯೋದು ನೂರು, ಇನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆದರೆ ಎರಡು ಮೂರು ಸೆಕೆಂಡು ಮಾತ್ರ. ಹಾಗಾಗಿ ಕಾರಿನ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳು ತುಂಬಾ ಇರುತ್ತವೆ. ಊರಿನ ಮನೆಯಲ್ಲಿ ಕರೆಂಟ್ ಹೋದಾಗ ಗಂಟೆಗಟ್ಟಲೆ ಫ್ಯಾನ್ ತಿರುಗಿಸುವ ಯುಪಿಎಸ್ ಬ್ಯಾಟರಿಯ ಪ್ಲೇಟುಗಳು ದಪ್ಪ. ಅದು ನಿಧಾನಕ್ಕೆ ದುಡಿಯುವ ಎತ್ತು. ಇದು ಒಂದೇ ಏಟಿಗೆ ಬಲ ಹಾಕುವ ಪೈಲ್ವಾನ. ಪೈಲ್ವಾನನಿಂದ ದಿನವಿಡೀ ಉಳುಮೆ ಮಾಡಿಸಬಾರದು. ಎಂಜಿನ್ ನಿಲ್ಲಿಸಿ ಹಾಡು ಕೇಳುತ್ತಾ ಕೂತರೆ, ಒಳಗಿನ ದೀಪ ಬಿಟ್ಟು ಹೋದರೆ ಬ್ಯಾಟರಿ ಪೂರ್ತಿ ಇಳಿಯುತ್ತೆ. ಹಾಗೇ ಬಿಟ್ಟರೆ ಪ್ಲೇಟಿನ ಮೇಲಿನ ಸಲ್ಫೇಟ್ ಗಟ್ಟಿ ಹರಳಾಗಿ ಕೂತು, ಮತ್ತೆ ಕರಗೋದು ಕಷ್ಟ.

ಇನ್ನೊಂದು ಶತ್ರು ಬಿಸಿಲು. ಶಾಖ ಹೆಚ್ಚಿದಷ್ಟೂ ಒಳಗೆ ಪ್ಲೇಟುಗಳ ಸವೆತ ಹೆಚ್ಚು, ನೀರು ಆವಿಯಾಗೋದೂ ಹೆಚ್ಚು. ದುಬೈ, ಕುವೈತ್ ಕಡೆ ಎರಡು ಮೂರು ವರ್ಷಕ್ಕೇ ಬ್ಯಾಟರಿ ಬದಲಾಯಿಸೋದು ಮಾಮೂಲು. ಚಳಿಯ ಕೆಲಸ ಬೇರೆ. ಶೂನ್ಯದ ಕೆಳಗೆ 18 ಡಿಗ್ರಿಯಲ್ಲಿ ಪೂರ್ತಿ ಚಾರ್ಜ್ ಇದ್ದ ಬ್ಯಾಟರಿಗೂ ಅದರ ಬಲದ ಅರ್ಧಕ್ಕಿಂತ ಕಡಿಮೆ ಉಳಿಯುತ್ತೆ. ಆದರೆ ಆಗಲೇ ಎಂಜಿನ್ ಆಯಿಲ್ ಗಟ್ಟಿಯಾಗಿ ಹೆಚ್ಚು ಬಲ ಕೇಳುತ್ತೆ. ಬೇಸಿಗೆಯಲ್ಲಿ ಸವೆದ ಬ್ಯಾಟರಿ ಟೊರಾಂಟೋದ ಜನವರಿ ಬೆಳಗಿನಲ್ಲಿ ಕೈಕೊಡೋದು ಇದಕ್ಕೆ. ಬ್ಯಾಟರಿಯ ಮೇಲೆ ‘ಸಿಸಿಎ’ ಎಂದು ಬರೆದಿರುವ ಸಂಖ್ಯೆ ಇದೇ ಚಳಿಯ ಬಲದ ಅಳತೆ. ಬದಲಾಯಿಸುವಾಗ ಕಾರಿನ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಸಂಖ್ಯೆಯದು ಬೇಡ.

ಪರೀಕ್ಷೆ ಕಷ್ಟವೇನಲ್ಲ. ಒಂದು ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12ಕ್ಕಿಂತ ಇಳಿದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ನೋಡಲು ಹೇಳಿ: ಸುಮಾರು 9.6ಕ್ಕಿಂತ ಕೆಳಗೆ ಬಿದ್ದರೆ, ಮತ್ತು ಬ್ಯಾಟರಿ ತುಂಬಿದ್ದೂ ಹಾಗಾದರೆ, ತೋಳು ಸೋತಿದೆ ಅಂತ ಅರ್ಥ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರ ನಡುವೆ ಇರಬೇಕು. ಇಲ್ಲದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದಕ್ಕೆ ತುಂಬಿಕೊಡುವ ಆಲ್ಟರ್ನೇಟರಿನದು ಇರಬಹುದು. ಇದನ್ನು ನೋಡದೆ ಹೊಸ ಬ್ಯಾಟರಿ ಕೊಂಡರೆ ಅದೂ ನಾಲ್ಕು ದಿನಕ್ಕೆ ಮಲಗುತ್ತೆ.

ನೋಡಿಕೊಳ್ಳೋದೂ ಅಷ್ಟೇ ಸರಳ. ಮುಚ್ಚಳ ಇರುವ ಹಳೇ ಮಾದರಿಯಾದರೆ ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಲ್ಲಿ ನೀರು ಬೇಡ, ಆಸಿಡ್ಡೂ ಬೇಡ. 1970ರ ದಶಕದಿಂದ ಸೀಸಕ್ಕೆ ಕ್ಯಾಲ್ಸಿಯಂ ಬೆರೆಸಿದ, ನೀರು ಕೇಳದ ಬ್ಯಾಟರಿಗಳು ಬಂದವು. ನಿಮ್ಮದು ಬಹುಶಃ ಅಂಥದ್ದೇ. ಟರ್ಮಿನಲ್ ಮೇಲೆ ಕೂರುವ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ ತೊಳೆಯಿರಿ. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ, ಹತ್ತಿರ ಕಿಡಿ ಬೇಡ. ಚಾರ್ಜ್ ಆಗುವಾಗ ಹೊರಬರುವ ಜಲಜನಕ ಸಿಡಿಯಬಲ್ಲದು. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಸಿಗ್ನಲ್ಲಿನಲ್ಲಿ ತಾನೇ ಎಂಜಿನ್ ನಿಲ್ಲಿಸುವ ಕಾರಾದರೆ ಅದು ದಿನಕ್ಕೆ ಎಷ್ಟೋ ಸಲ ಸೆಲ್ಫ್ ಹೊಡೆಯುತ್ತೆ. ಅದಕ್ಕೆಂದೇ ಮಾಡಿದ ಬ್ಯಾಟರಿಯನ್ನೇ ಹಾಕಿಸಿ.

ಹಳೇ ಬ್ಯಾಟರಿ ಎಲ್ಲಿಗೆ ಹೋಗುತ್ತೆ?

ಹೊಸದು ಕೊಳ್ಳುವಾಗ ಅಂಗಡಿಯವರು ಹಳೇದನ್ನು ಕೇಳುತ್ತಾರೆ. ಅಮೆರಿಕ, ಕೆನಡಾದಲ್ಲಿ ಕೊಡದಿದ್ದರೆ ಹೆಚ್ಚು ಹಣ ತೆರಬೇಕು. ಭಾರತದಲ್ಲೂ ಹಳೇದು ಕೊಟ್ಟರೆ ಬೆಲೆ ಇಳಿಯುತ್ತೆ. 2001ರ ಕಾನೂನು ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ಮಾರುವವರ ಮೇಲೆ ಹಾಕಿತು, 2022ರ ಹೊಸ ನಿಯಮಗಳು ತಯಾರಕರ ಹೊಣೆಯನ್ನು ಬಿಗಿ ಮಾಡಿದವು.

ಇದು ಬರೀ ವ್ಯಾಪಾರವಲ್ಲ. ಸೀಸ ವಿಷ, ಅದರಲ್ಲೂ ಮಕ್ಕಳ ಮಿದುಳಿಗೆ. ಸೆನೆಗಲ್ ದೇಶದ ಡಾಕರ್ ನಗರದ ಪಕ್ಕದ ಒಂದು ಬಡಾವಣೆಯಲ್ಲಿ ಜನ ಹಳೇ ಬ್ಯಾಟರಿಗಳನ್ನು ಬಯಲಿನಲ್ಲೇ ಒಡೆದು ಸೀಸ ತೆಗೆಯುತ್ತಿದ್ದರು. ಮಣ್ಣಿನಲ್ಲಿ ಸೇರಿದ ಆ ಸೀಸದಿಂದ 2007ರ ಕೊನೆ ಮತ್ತು 2008ರ ಮೊದಲ ತಿಂಗಳುಗಳಲ್ಲಿ 18 ಮಕ್ಕಳು ಸತ್ತರು. ಭಾರತದಲ್ಲೂ ಗುಜರಿಯಲ್ಲಿ ಬ್ಯಾಟರಿ ಒಡೆಯುವ ಸಣ್ಣ ಕುಲುಮೆಗಳು ಇನ್ನೂ ನಿಂತಿಲ್ಲ. ಒಂದು ಕಾಲಕ್ಕೆ ಕಾರು ಹೊರಡಿಸುವವನ ಮಣಿಕಟ್ಟು ಮುರಿಯುತ್ತಿತ್ತು. ಬ್ಯಾಟರಿ ಆ ಅಪಾಯವನ್ನು ನಮ್ಮಿಂದ ತೆಗೆಯಿತು, ಆದರೆ ಅಪಾಯ ಇಲ್ಲವಾಗಲಿಲ್ಲ. ಹಳೇ ಬ್ಯಾಟರಿಯನ್ನು ಕಸಕ್ಕೆ ಹಾಕದೆ, ಯಾರೋ ಗುಜರಿಯವರ ಕೈಗೂ ಕೊಡದೆ, ಸರಿಯಾದ ಅಂಗಡಿಗೆ ಮುಟ್ಟಿಸಿದರೆ ಆ ಅಪಾಯ ಇನ್ಯಾರದೋ ಮಗುವಿನ ಮೇಲೆ ಬೀಳೋದು ತಪ್ಪುತ್ತೆ.

ಅಂದಹಾಗೆ, ‘ನಮ್ಮದು ಎಲೆಕ್ಟ್ರಿಕ್ ಕಾರು, ಈ ಕಥೆ ನಮಗೆ ಬೇಡ’ ಅನ್ನುವವರು ಒಮ್ಮೆ ಬಾನೆಟ್ ಎತ್ತಿ ನೋಡಿ. ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳಲ್ಲೂ ಬಾಗಿಲು, ದೀಪ, ಕಂಪ್ಯೂಟರನ್ನು ಎಬ್ಬಿಸಲು ಪ್ರತ್ಯೇಕ 12 ವೋಲ್ಟಿನ ಬ್ಯಾಟರಿ ಒಂದಿರುತ್ತೆ. ಅದು ಇಳಿದರೆ ಕೆಳಗಿನ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳಲ್ಲ. ಆಗ ಊರಿನ ಮೆಕ್ಯಾನಿಕ್ ಏನಂತಾನೆ ಅಂತ ನಿಮಗೀಗ ಗೊತ್ತು.