ಸೆರೆಮನೆಯ ಗೋಡೆ ದಾಟಿದ ದನಿಗಳು

ಸೆರೆಮನೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸರ್ಕಾರಿ ಕಡತಗಳಿಂದ ತಿಳಿಯುತ್ತೇವೆ. ಅದರಲ್ಲಿ ಕೈದಿಯ ಹೆಸರು, ಆರೋಪ, ಬಂದ ದಿನ, ಹೋದ ದಿನ ಇರುತ್ತವೆ. ಆಕೆ ಅನುಭವಿಸಿದ್ದು ಇರುವುದಿಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಈ ಕೊರತೆಯನ್ನು ಒಂದಿಷ್ಟು ತುಂಬಿದ್ದು ಚಳವಳಿಗಾರರ ರೇಡಿಯೋ.

ಯುದ್ಧವಿರೋಧಿ ಲೂಯಿಸ್ ಹಿಲ್ ಮತ್ತು ಗೆಳೆಯರು 1949ರಲ್ಲಿ ಬರ್ಕ್ಲಿಯಲ್ಲಿ ಕೆಪಿಎಫ್ಎ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಜಾಹೀರಾತಿನ ಹಂಗಿರಲಿಲ್ಲ. ಕೇಳುಗರ ಚಂದಾ ಹಣವೇ ಆಧಾರ. 1960ರಲ್ಲಿ ನ್ಯೂಯಾರ್ಕಿನ ಡಬ್ಲ್ಯೂಬಿಎಐ ಕೇಂದ್ರವೂ ಇದೇ ಪೆಸಿಫಿಕಾ ಬಳಗವನ್ನು ಸೇರಿತು. ಮಹಿಳಾ ವಿಮೋಚನೆಯ ಚರ್ಚೆಗಳು ಅಲ್ಲಿಂದ ಮನೆಮನೆಗೆ ತಲುಪಿದವು.

ಅದೇ ನಗರದ ಗ್ರೀನ್‌ವಿಚ್ ವಿಲೇಜ್‌ನಲ್ಲಿ 1932ರಿಂದ ಮಹಿಳೆಯರ ಬಂಧನಾಲಯವೊಂದಿತ್ತು. ಸುಧಾರಣೆಯ ಮಾದರಿಯೆಂದು ಕಟ್ಟಿದ ಈ ಬಹುಮಹಡಿ ಕಟ್ಟಡ ಬರಬರುತ್ತ ಕಿಕ್ಕಿರಿದು ಕೊಳಕಾಯಿತು. 1965ರಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ಸೆರೆಯಾದ ವಿದ್ಯಾರ್ಥಿನಿ ಆಂಡ್ರಿಯಾ ಡ್ವಾರ್ಕಿನ್, ದೇಹ ತಪಾಸಣೆಯ ಹೆಸರಿನಲ್ಲಿ ತನಗಾದ ಹಿಂಸೆಯನ್ನು ಬಹಿರಂಗವಾಗಿ ಹೇಳಿದಾಗ ದೇಶ ಬೆಚ್ಚಿತು.

1970ರ ಅಕ್ಟೋಬರಿನಲ್ಲಿ ಏಂಜೆಲಾ ಡೇವಿಸ್ ಇಲ್ಲಿಗೆ ಬಂದರು. ಅವರ ಸುತ್ತ ಇದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಪೋರ್ಟೊರಿಕನ್ ಬಡ ಹೆಣ್ಣುಮಕ್ಕಳು. ಅನೇಕರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಜಾಮೀನಿಗೆ ಹಣವಿಲ್ಲದ್ದೇ ಅವರ ಸೆರೆಗೆ ಕಾರಣ. ಕಿಟಕಿಯಿಂದ ಕೂಗಿದರೆ ಬೀದಿಗೆ ಕೇಳಿಸುತ್ತಿತ್ತು. ಆ ಡಿಸೆಂಬರಿನಲ್ಲಿ ಮಹಿಳಾ ಸಂಘಟನೆಗಳು ಕಟ್ಟಡದ ಕೆಳಗೆ ನೆರೆದವು, ಜಾಮೀನು ನಿಧಿ ಕೂಡಿಸಿದವು. ಹೀಗೆ ಬಿಡುಗಡೆಯಾದವಳು ಹೊರಬಂದು ಇತರರ ಬಿಡುಗಡೆಗೆ ದುಡಿಯಬೇಕೆಂಬುದು ಒಪ್ಪಂದ.

1971ರಲ್ಲಿ ಬಂಧನಾಲಯ ಮುಚ್ಚಿತು. ಅದನ್ನು ಗೆಲುವೆಂದೇ ಅನೇಕರು ತಿಳಿದರು. ಆದರೆ ಕೈದಿಗಳು ಹೋದದ್ದು ರೈಕರ್ಸ್ ದ್ವೀಪದ ಜೈಲಿಗೆ. ಸುತ್ತ ನೀರು. ಅಲ್ಲಿಂದ ಕೂಗಿದರೆ ಯಾವ ಬೀದಿಗೂ ಕೇಳಿಸದು. ಇಂಥ ಹೊತ್ತಿನಲ್ಲಿ ಧ್ವನಿಸುರುಳಿಗೆ ಬೇರೆಯೇ ಬೆಲೆ ಬಂತು. ಪೊಲೀಸನ ಕೊಲೆ ಆರೋಪದಲ್ಲಿ ನ್ಯೂಜೆರ್ಸಿಯ ಸೆರೆಯಲ್ಲಿದ್ದ ಅಸಾಟಾ ಶಕೂರ್ 1973ರ ಜುಲೈನಲ್ಲಿ ತಮ್ಮ ಜನರಿಗಾಗಿ ಹೇಳಿಕೆಯೊಂದನ್ನು ಧ್ವನಿಮುದ್ರಿಸಿದರು. ಅದು ರೇಡಿಯೋದಲ್ಲಿ ಪ್ರಸಾರವಾಯಿತು. ಪತ್ರಿಕೆಗಳು ಚಿತ್ರಿಸಿದ್ದ ಹೆಣ್ಣಿನ ಮಾತನ್ನು ಕೇಳುಗರು ಅವಳ ದನಿಯಲ್ಲೇ ಕೇಳಿದರು.

ಹಾಗೆಂದು ರೇಡಿಯೋ ಎಲ್ಲವನ್ನೂ ಬದಲಿಸಿತೆನ್ನಲಾಗದು. ರೈಕರ್ಸ್‌ನಲ್ಲೂ ಇದ್ದ ಅಸಾಟಾ, ಮಹಿಳಾ ಚಳವಳಿ ಅಲ್ಲಿನ ಹೆಣ್ಣುಮಕ್ಕಳಿಗೆ ಪರಕೀಯವಾಗಿಯೇ ಉಳಿದಿದೆಯೆಂದು 1978ರಲ್ಲಿ ಬರೆದರು. ಈ ಮಾತು ಕಹಿಯಾದರೂ ನಿಜ. ವಿಮೋಚನೆಯನ್ನು ಕುರಿತು ಮಾತನಾಡುವವರಿಗೂ ಅದರ ತೀವ್ರ ಅಗತ್ಯವಿದ್ದವರಿಗೂ ನಡುವೆ ಗೋಡೆಯಿತ್ತು.

ಹಳೆಯ ಬಂಧನಾಲಯದ ಜಾಗದಲ್ಲಿ ಇಂದು ಹೂದೋಟವಿದೆ. ಆ ಕಾಲದ ಧ್ವನಿಸುರುಳಿಗಳನ್ನು ಪೆಸಿಫಿಕಾದ ಸಂಗ್ರಹಾಗಾರವೂ ಫ್ರೀಡಂ ಆರ್ಕೈವ್ಸ್ ಸಂಸ್ಥೆಯೂ ಕಾಪಾಡಿಕೊಂಡು ಬಂದಿವೆ. ಒಂದು ಸಮಾಜದ ನ್ಯಾಯಪ್ರಜ್ಞೆಯನ್ನು ಅಳೆಯಬೇಕೆಂದರೆ, ಜಾಮೀನಿಗೆ ಹಣವಿಲ್ಲದ ಹೆಣ್ಣಿನ ಮಾತಿಗೆ ಅದು ಕಿವಿಗೊಟ್ಟಿತೇ ಎಂದು ನಾವು ಕೇಳಬೇಕು.